ಫೋನಲ್ಲಿ ಅಳಿಸಿದ್ದು ಲ್ಯಾಪ್‌ಟಾಪಲ್ಲೂ ಮಾಯವಾಗುವುದೇಕೆ? ಮೂರು ಸಾಧನ, ಒಂದೇ ಖಾತೆಯ ವಿಚಾರ

"ಫೋನ್ ಮೆಮೊರಿ ತುಂಬಿದೆಯಾ? ಫೋಟೋಗಳನ್ನೆಲ್ಲ ಡಿಲೀಟ್ ಮಾಡಿ, ಹೇಗೂ ಗೂಗಲ್‌ನಲ್ಲಿ ಇದ್ದೇ ಇರುತ್ತವೆ."

"ವಾಟ್ಸಾಪ್ ಬೇರೆಯವರ ಕಂಪ್ಯೂಟರಿನಲ್ಲಿ ತೆರೆದಿದ್ದರೂ ಭಯವಿಲ್ಲ, ನಿಮ್ಮ ಫೋನ್ ಆಫ್ ಮಾಡಿದರೆ ಅಲ್ಲೂ ಬಂದ್ ಆಗುತ್ತದೆ."

"ಲ್ಯಾಪ್‌ಟಾಪ್ ಚಾರ್ಜರ್ ಹಾಕಿದರೆ ಫೋನಿನ ಬ್ಯಾಟರಿ ಸುಟ್ಟುಹೋಗುತ್ತದೆ."

ಇಂಥ ಮಾತುಗಳನ್ನು ನೀವೂ ಕೇಳಿರುತ್ತೀರಿ, ಫಾರ್ವರ್ಡ್ ಕೂಡ ಮಾಡಿರಬಹುದು. ಇವುಗಳಲ್ಲಿ ಮೊದಲನೆಯದು ಅರ್ಧ ನಿಜ. ಎರಡನೆಯದು ಕೆಲವು ವರ್ಷಗಳ ಹಿಂದೆ ನಿಜವಾಗಿತ್ತು, ಈಗಲ್ಲ. ಮೂರನೆಯದು ಬಹುಮಟ್ಟಿಗೆ ತಪ್ಪು. ಅರ್ಧ ನಿಜವನ್ನು ನಂಬಿ ಮಗುವಿನ ಮೊದಲ ವರ್ಷದ ಫೋಟೋಗಳನ್ನು ಕಳೆದುಕೊಳ್ಳಬಹುದು. ಹಳೆಯ ನಿಜವನ್ನು ನಂಬಿ ನಮ್ಮ ಚಾಟ್‌ಗಳನ್ನು ಅಪರಿಚಿತರ ಮುಂದೆ ತೆರೆದಿಡಬಹುದು.

ಇವತ್ತು ಎಷ್ಟೋ ಮನೆಗಳಲ್ಲಿ ಒಂದಕ್ಕಿಂತ ಹೆಚ್ಚು ಪರದೆಗಳಿವೆ. ಅಪ್ಪ-ಅಮ್ಮನ ಫೋನು, ಮಕ್ಕಳ ಪಾಠಕ್ಕೆಂದು ತಂದ ಟ್ಯಾಬ್, ಆಫೀಸಿನ ಅಥವಾ ಕಾಲೇಜಿನ ಲ್ಯಾಪ್‌ಟಾಪ್. ಇವು ಬೇರೆ ಬೇರೆ ವಸ್ತುಗಳಂತೆ ಕಂಡರೂ ಒಂದೇ ಖಾತೆಯಿಂದ ಲಾಗಿನ್ ಆದಮೇಲೆ ಒಂದೇ ಮನೆಯ ಮೂರು ಬಾಗಿಲುಗಳಾಗುತ್ತವೆ. ಸಾಮಾನು ಇರುವುದು ಮನೆಯೊಳಗೆ. ಯಾವ ಬಾಗಿಲಿನಿಂದ ಹೊರಹಾಕಿದರೂ ಅದು ಮನೆಯಿಂದಲೇ ಹೋಗುತ್ತದೆ, ಯಾವ ಬಾಗಿಲು ತೆರೆದಿಟ್ಟರೂ ಕಳ್ಳ ಮನೆಯೊಳಗೇ ಬರುತ್ತಾನೆ. ಇಷ್ಟು ನೆನಪಿಟ್ಟರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಸಿಂಕ್ ಎಂದರೆ ಏನು?

ಫೋನಿನಲ್ಲಿ ಉಳಿಸಿದ ನಂಬರು ಟ್ಯಾಬಿನಲ್ಲೂ ಕಾಣುತ್ತದೆ. ಲ್ಯಾಪ್‌ಟಾಪಿನಲ್ಲಿ ಅರ್ಧ ಬರೆದ ಇಮೇಲನ್ನು ಬಸ್ಸಿನಲ್ಲಿ ಕುಳಿತು ಫೋನಿನಲ್ಲಿ ಮುಗಿಸಬಹುದು. ಈ ಅನುಕೂಲದ ಹೆಸರೇ ಸಿಂಕ್.

ಸಾಧನಗಳು ನೇರವಾಗಿ ಒಂದರೊಡನೊಂದು ಮಾತಾಡಿಕೊಳ್ಳುತ್ತವೆ ಎಂದು ಅನೇಕರು ತಿಳಿದಿದ್ದಾರೆ. ಸಾಮಾನ್ಯವಾಗಿ ಹಾಗಾಗುವುದಿಲ್ಲ. ನಿಮ್ಮ ಮಾಹಿತಿಯ ಮೂಲ ಪ್ರತಿ ಗೂಗಲ್, ಆಪಲ್ ಅಥವಾ ಮೈಕ್ರೋಸಾಫ್ಟ್‌ನಂಥ ಸಂಸ್ಥೆಯ ಸರ್ವರ್‌ನಲ್ಲಿರುತ್ತದೆ. ನಾವು ‘ಕ್ಲೌಡ್’ ಎಂದು ಕರೆಯುವುದು ಇದನ್ನೇ. ಫೋನು ಒಂದು ಬದಲಾವಣೆ ಮಾಡಿದಾಗ ಅದನ್ನು ಸರ್ವರ್‌ಗೆ ಹೇಳುತ್ತದೆ, ಸರ್ವರ್ ಅದನ್ನು ಉಳಿದ ಸಾಧನಗಳಿಗೆ ತಿಳಿಸುತ್ತದೆ. ಊರಿನ ಅಂಗಡಿಯ ಒಂದೇ ಲೆಕ್ಕದ ಪುಸ್ತಕದಲ್ಲಿ ಮನೆಯ ಮೂವರೂ ಬರೆಸುವಂತೆ. ಯಾರು ಬರೆಸಿದರೂ ಉಳಿದವರಿಗೆ ಅದೇ ಲೆಕ್ಕ.

ಇಲ್ಲೊಂದು ಮುಖ್ಯ ಅಂಶವಿದೆ. ಸೇರಿಸುವುದು ಹೇಗೆ ಬದಲಾವಣೆಯೋ, ಅಳಿಸುವುದೂ ಹಾಗೆಯೇ ಬದಲಾವಣೆ. ನೀವು ಬೇಕೆಂದೇ ಅಳಿಸಿದಿರೋ, ಮಗು ಆಟವಾಡುತ್ತಾ ಅಳಿಸಿತೋ ಎಂಬುದು ಸಿಂಕ್ ವ್ಯವಸ್ಥೆಗೆ ಗೊತ್ತಾಗುವುದಿಲ್ಲ. ಅದು ಹೇಳಿದಷ್ಟನ್ನು ಎಲ್ಲ ಕಡೆ ನಿಷ್ಠೆಯಿಂದ ಮಾಡುತ್ತದೆ.

ಸಿಂಕ್ ಬೇರೆ, ಬ್ಯಾಕಪ್ ಬೇರೆ

ಒಂದು ಕಡೆ ಹೋದರೂ ಇನ್ನೊಂದು ಕಡೆ ಉಳಿಯುವ ಪ್ರತಿಗೆ ಬ್ಯಾಕಪ್ ಎನ್ನುತ್ತಾರೆ. ಎಲ್ಲ ಕಡೆಯೂ ಒಂದೇ ರೀತಿ ಇರುವಂತೆ ನೋಡಿಕೊಳ್ಳುವುದು ಸಿಂಕ್. ಎರಡೂ ಒಂದೇ ಎಂದುಕೊಳ್ಳುವುದರಿಂದಲೇ ಅನೇಕರು ಫೋಟೋ ಕಳೆದುಕೊಳ್ಳುತ್ತಾರೆ. ಗೂಗಲ್ ಫೋಟೋಸ್ ತನ್ನ ವ್ಯವಸ್ಥೆಯನ್ನು ‘ಬ್ಯಾಕಪ್’ ಎಂದೇ ಕರೆಯುವುದರಿಂದ ಗೊಂದಲ ಇನ್ನಷ್ಟು ಹೆಚ್ಚುತ್ತದೆ.

ಆಂಡ್ರಾಯ್ಡ್ ಫೋನಿನಲ್ಲಿ ಯಾವ ಆ್ಯಪ್‌ನಿಂದ, ಯಾವ ಆಯ್ಕೆ ಒತ್ತಿ ಅಳಿಸಿದಿರಿ ಎನ್ನುವುದರ ಮೇಲೆ ಫಲಿತಾಂಶ ನಿಂತಿದೆ.

• ಗೂಗಲ್ ಫೋಟೋಸ್ ಆ್ಯಪ್ ತೆರೆದು, ಬ್ಯಾಕಪ್ ಆಗಿರುವ ಫೋಟೋವನ್ನು ‘ಡಿಲೀಟ್’ ಮಾಡಿದರೆ ಅದು ಫೋನಿನಿಂದಲೂ ಕ್ಲೌಡ್‌ನಿಂದಲೂ ಹೋಗುತ್ತದೆ. ಟ್ಯಾಬ್, ಲ್ಯಾಪ್‌ಟಾಪ್‌ಗಳಲ್ಲಿ ಹುಡುಕಿದರೂ ಸಿಗುವುದಿಲ್ಲ.

• ಅದೇ ಆ್ಯಪ್‌ನಲ್ಲಿ ‘ಫ್ರೀ ಅಪ್ ಸ್ಪೇಸ್’ ಆಯ್ಕೆ ಬಳಸಿದರೆ ಈಗಾಗಲೇ ಬ್ಯಾಕಪ್ ಆಗಿರುವ ಫೋಟೋಗಳ ಫೋನ್ ಪ್ರತಿ ಮಾತ್ರ ಹೋಗುತ್ತದೆ. ಕ್ಲೌಡ್‌ನಲ್ಲಿ ಉಳಿಯುತ್ತದೆ. ಮೆಮೊರಿ ತುಂಬಿದಾಗ ಬಳಸಬೇಕಾದದ್ದು ಇದನ್ನೇ.

• ಫೋನ್ ಕಂಪನಿಯ ಬೇರೆ ಗ್ಯಾಲರಿ ಆ್ಯಪ್‌ನಿಂದ ಅಳಿಸಿದರೆ ಸಾಮಾನ್ಯವಾಗಿ ಫೋನ್ ಪ್ರತಿ ಮಾತ್ರ ಹೋಗುತ್ತದೆ. ಆದರೆ ಆ ಫೋಟೋ ಬ್ಯಾಕಪ್ ಆಗಿತ್ತೇ ಎಂದು ಮೊದಲೇ ನೋಡಿಕೊಂಡಿರಬೇಕು.

ಐಫೋನಿನಲ್ಲಿ ‘ಐಕ್ಲೌಡ್ ಫೋಟೋಸ್’ ಆನ್ ಆಗಿದ್ದರೆ ಫೋನಲ್ಲಿ ಅಳಿಸಿದ ಚಿತ್ರ ಐಪ್ಯಾಡ್, ಮ್ಯಾಕ್ ಎಲ್ಲದರಿಂದಲೂ ಹೋಗುತ್ತದೆ. ಇದರಲ್ಲಿ ದೋಷವೇನೂ ಇಲ್ಲ, ಆ ವ್ಯವಸ್ಥೆ ಇರುವುದೇ ಹಾಗೆ.

ತಪ್ಪಿ ಅಳಿಸಿದರೆ ಗಾಬರಿಯಾಗಬೇಡಿ. ಬ್ಯಾಕಪ್ ಆಗಿದ್ದ ಫೋಟೋ ಗೂಗಲ್ ಫೋಟೋಸ್‌ನ ಕಸದಬುಟ್ಟಿಯಲ್ಲಿ 60 ದಿನ ಇರುತ್ತದೆ. ಬ್ಯಾಕಪ್ ಆಗದಿದ್ದದ್ದು 30 ದಿನ ಇರುತ್ತದೆ. ಅಷ್ಟರೊಳಗೆ ಮರಳಿ ಪಡೆಯಬಹುದು. ಮೆಮೊರಿ ಉಳಿಸುವ ಆತುರದಲ್ಲಿ ಕಸದಬುಟ್ಟಿಯನ್ನೂ ಖಾಲಿ ಮಾಡಿದರೆ ಆ ದಾರಿಯೂ ಮುಚ್ಚುತ್ತದೆ.

ಜಾಗದ ವಿಚಾರವನ್ನೂ ಗಮನಿಸಿ. ಗೂಗಲ್ ಖಾತೆಯೊಂದಕ್ಕೆ ಉಚಿತವಾಗಿ ಸಿಗುವುದು 15 ಜಿಬಿ. ಇದನ್ನು ಜಿಮೇಲ್, ಡ್ರೈವ್ ಮತ್ತು ಫೋಟೋಸ್ ಹಂಚಿಕೊಳ್ಳುತ್ತವೆ. 2021ರ ಜೂನ್ 1ಕ್ಕೂ ಮೊದಲು ‘ಹೈ ಕ್ವಾಲಿಟಿ’ ಫೋಟೋಗಳು ಈ ಲೆಕ್ಕಕ್ಕೆ ಬರುತ್ತಿರಲಿಲ್ಲ, ಈಗ ಬರುತ್ತವೆ. ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ ಕೂಡ 2024ರಿಂದ ಇದೇ 15 ಜಿಬಿಯೊಳಗೆ ಸೇರಿದೆ. ಆಪಲ್‌ನ ಐಕ್ಲೌಡ್ ಮತ್ತು ಮೈಕ್ರೋಸಾಫ್ಟ್‌ನ ಒನ್‌ಡ್ರೈವ್ ತಲಾ 5 ಜಿಬಿ ಉಚಿತವಾಗಿ ಕೊಡುತ್ತವೆ.

ಈ ಜಾಗ ತುಂಬಿದಾಗ ಫೋಟೋ ಬ್ಯಾಕಪ್ ಸದ್ದಿಲ್ಲದೆ ನಿಂತುಹೋಗುತ್ತದೆ. ಗೂಗಲ್ ಜಾಗ ತುಂಬಿದರೆ ಜಿಮೇಲ್‌ಗೆ ಇಮೇಲ್ ಬರುವುದೂ ನಿಲ್ಲುತ್ತದೆ. ಕೆಲಸದ ಸಂದರ್ಶನಕ್ಕೆ ಅರ್ಜಿ ಹಾಕಿ ಕಾಯುತ್ತಿರುವವರಿಗೆ, ಶುಭೋದಯದ ವಿಡಿಯೋಗಳಿಂದ ತುಂಬಿದ ವಾಟ್ಸಾಪ್ ಬ್ಯಾಕಪ್ ಕಾರಣದಿಂದ ಆ ಇಮೇಲೇ ತಲುಪದೆ ಹೋಗಬಹುದು. ಇನ್ನೊಂದು ವಿಷಯ: ವಾಟ್ಸಾಪ್‌ನಲ್ಲಿ ಬಂದ ಚಿತ್ರಗಳು ತಾವಾಗಿಯೇ ಗೂಗಲ್ ಫೋಟೋಸ್‌ಗೆ ಹೋಗುತ್ತವೆ ಎಂದುಕೊಳ್ಳಬೇಡಿ. ಸಾಮಾನ್ಯವಾಗಿ ಕ್ಯಾಮೆರಾದಲ್ಲಿ ತೆಗೆದವು ಮಾತ್ರ ಹೋಗುತ್ತವೆ. ವಾಟ್ಸಾಪ್ ಫೋಲ್ಡರನ್ನು ನಾವೇ ಆಯ್ದುಕೊಳ್ಳಬೇಕು.

ಹಾಗಾದರೆ ನಿಜವಾದ ಬ್ಯಾಕಪ್ ಯಾವುದು? ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ 3-2-1 ಎಂಬ ನಿಯಮವೊಂದಿದೆ. ಮುಖ್ಯವಾದದ್ದರ 3 ಪ್ರತಿ ಇರಲಿ, 2 ಬಗೆಯ ಮಾಧ್ಯಮದಲ್ಲಿರಲಿ, 1 ಪ್ರತಿ ಮನೆಯ ಹೊರಗಿರಲಿ ಎಂಬುದು ಅದರ ಸಾರ. ಸಾಮಾನ್ಯ ಮನೆಗೆ ಇದನ್ನು ಹೀಗೆ ಹೊಂದಿಸಬಹುದು: ಫೋನಿನಲ್ಲಿ ಒಂದು, ಕ್ಲೌಡ್‌ನಲ್ಲಿ ಒಂದು, ಪ್ರತಿ ಮೂರು ತಿಂಗಳಿಗೊಮ್ಮೆ ಲ್ಯಾಪ್‌ಟಾಪ್ ಮೂಲಕ ಹಾರ್ಡ್‌ಡಿಸ್ಕ್‌ಗೆ ನಕಲು ಮಾಡಿದ್ದು ಒಂದು. ನಕಲು ಮಾಡಿದ ಮೇಲೆ ಡಿಸ್ಕನ್ನು ಬಿಚ್ಚಿ ಬೀರುವಿನಲ್ಲಿಡಿ. ಯಾವ ಸಾಧನದಲ್ಲಿ ಏನು ಅಳಿಸಿದರೂ ಸಿಂಕ್ ಅಲ್ಲಿಗೆ ತಲುಪುವುದಿಲ್ಲ.

ಫೋನ್ ಆಫ್ ಮಾಡಿದರೆ ವಾಟ್ಸಾಪ್ ವೆಬ್ ನಿಲ್ಲುತ್ತದೆಯೇ?

ಇಲ್ಲ. ವಾಟ್ಸಾಪ್ ವೆಬ್ 2015ರಲ್ಲಿ ಬಂದಾಗ ಅದು ಫೋನಿನ ಕನ್ನಡಿಯಂತೆ ಕೆಲಸ ಮಾಡುತ್ತಿತ್ತು. ಫೋನಿನಲ್ಲಿ ಇಂಟರ್ನೆಟ್ ಇಲ್ಲದಿದ್ದರೆ ಕಂಪ್ಯೂಟರಿನಲ್ಲೂ ಏನೂ ಬರುತ್ತಿರಲಿಲ್ಲ. ಮೇಲಿನ ಫಾರ್ವರ್ಡ್‌ನ ಮಾತು ಆ ಕಾಲದ್ದು. 2021ರಲ್ಲಿ ವಾಟ್ಸಾಪ್ ತನ್ನ ವ್ಯವಸ್ಥೆಯನ್ನು ಬದಲಿಸಿತು. ಈಗ ಮುಖ್ಯ ಫೋನಿನ ಜೊತೆ ನಾಲ್ಕು ಸಾಧನಗಳನ್ನು ಜೋಡಿಸಬಹುದು. ಪ್ರತಿಯೊಂದೂ ಸ್ವತಂತ್ರವಾಗಿ ಸರ್ವರ್ ಜೊತೆ ಮಾತಾಡುತ್ತದೆ. 2023ರಿಂದ ಇನ್ನೊಂದು ಫೋನನ್ನೂ ಹೀಗೆ ಜೋಡಿಸಬಹುದಾಗಿದೆ, 2025ರಲ್ಲಿ ಐಪ್ಯಾಡ್‌ಗೂ ವಾಟ್ಸಾಪ್ ಬಂದಿದೆ. ನಿಮ್ಮ ಫೋನು ಆಫ್ ಆಗಿದ್ದರೂ ಜೋಡಿಸಿದ ಸಾಧನಕ್ಕೆ ಸಂದೇಶಗಳು ಬರುತ್ತಲೇ ಇರುತ್ತವೆ. ಮುಖ್ಯ ಫೋನನ್ನು 14 ದಿನಗಳಿಗಿಂತ ಹೆಚ್ಚು ಕಾಲ ಬಳಸದಿದ್ದಾಗ ಮಾತ್ರ ಅವು ತಾವಾಗಿ ಕಳಚಿಕೊಳ್ಳುತ್ತವೆ.

ಇದರಿಂದ ಎರಡು ಟಿಕ್‌ಗಳ ಅರ್ಥವೂ ಬದಲಾಗಿದೆ. ಎರಡು ಬೂದು ಟಿಕ್ ಎಂದರೆ ಸಂದೇಶವು ಎದುರಿನವರ ಫೋನಿಗೆ ಅಥವಾ ಅವರು ಜೋಡಿಸಿದ ಯಾವುದಾದರೂ ಸಾಧನಕ್ಕೆ ತಲುಪಿದೆ ಎಂದರ್ಥ. ಆದ್ದರಿಂದ ‘ಎರಡು ಟಿಕ್ ಬಂದಿದೆ, ಫೋನ್ ಆನ್ ಇದೆ, ಬೇಕೆಂದೇ ಎತ್ತುತ್ತಿಲ್ಲ’ ಎಂದು ಸಿಟ್ಟಾಗುವ ಮೊದಲು ಯೋಚಿಸಿ. ಅವರ ಲ್ಯಾಪ್‌ಟಾಪ್ ಆಫೀಸಿನಲ್ಲಿ ತೆರೆದಿರಬಹುದು, ಫೋನು ಬ್ಯಾಟರಿ ಸತ್ತು ಬ್ಯಾಗಿನಲ್ಲಿರಬಹುದು. ಮೂರನೇ ಟಿಕ್, ಕೆಂಪು ಟಿಕ್ ಬಂದರೆ ಸರ್ಕಾರ ನಿಮ್ಮ ಸಂದೇಶ ಓದಿದೆ ಎಂಬ ಹಳೆಯ ಫಾರ್ವರ್ಡ್ ಮಾತ್ರ ಅಂದೂ ಸುಳ್ಳು, ಇಂದೂ ಸುಳ್ಳು.

ಅಪಾಯ ಇರುವುದು ಮರೆತುಹೋದ ಜೋಡಣೆಯಲ್ಲಿ. ನಮ್ಮೂರುಗಳಲ್ಲಿ ಇದು ಹೆಚ್ಚಾಗಿ ಆಗುವ ಜಾಗ ಜೆರಾಕ್ಸ್ ಅಂಗಡಿ ಮತ್ತು ಸೈಬರ್ ಸೆಂಟರ್. ಪಹಣಿ, ಆಧಾರ್, ಜಾತಿ-ಆದಾಯ ಪ್ರಮಾಣಪತ್ರದ ಪ್ರಿಂಟ್ ಬೇಕು. ಫೈಲು ವಾಟ್ಸಾಪ್‌ನಲ್ಲಿದೆ. ಅಂಗಡಿಯ ಕಂಪ್ಯೂಟರಿನಲ್ಲಿ ವಾಟ್ಸಾಪ್ ವೆಬ್ ತೆರೆದು, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಪ್ರಿಂಟ್ ತೆಗೆದುಕೊಂಡು ಹೊರಡುತ್ತೇವೆ. ಹಿಂದೆ ಸಾಲಿನಲ್ಲಿ ಜನ ಕಾಯುತ್ತಿರುತ್ತಾರೆ, ಲಾಗ್‌ಔಟ್ ಮಾಡುವುದು ಮರೆತುಹೋಗುತ್ತದೆ. ನಾವು ಮನೆ ತಲುಪಿದ ಮೇಲೂ ಆ ಕಂಪ್ಯೂಟರಿನಲ್ಲಿ ನಮ್ಮ ಚಾಟ್ ತೆರೆದೇ ಇರುತ್ತದೆ. ಕುಟುಂಬದ ಫೋಟೋ, ಬ್ಯಾಂಕ್ ಪಾಸ್‌ಬುಕ್ಕಿನ ಚಿತ್ರ, ಮಗಳ ಕಾಲೇಜಿನ ವಿವರ, ಎಲ್ಲವೂ. ಅಂಗಡಿಯವರು ಪ್ರಾಮಾಣಿಕರೇ ಇರಬಹುದು. ಅವರ ನಂತರ ಆ ಕುರ್ಚಿಯಲ್ಲಿ ಕೂರುವವರ ಬಗ್ಗೆ ನಮಗೇನು ಗೊತ್ತು? ಇಂಥ ಕಡೆ ಅಂಗಡಿಯವರ ನಂಬರಿಗೋ ಇಮೇಲ್‌ಗೋ ಆ ಒಂದು ಫೈಲನ್ನು ಮಾತ್ರ ಕಳಿಸಿ, ಪ್ರಿಂಟ್ ಆದ ಮೇಲೆ ಅವರ ಎದುರೇ ಅಳಿಸಲು ಹೇಳುವುದು ಮೇಲು. ಲಾಗಿನ್ ಆಗಲೇಬೇಕಾದರೆ ಹೊರಡುವ ಮುನ್ನ ನಿಮ್ಮ ಫೋನಿನಿಂದಲೇ ಆ ಸಾಧನವನ್ನು ಕಳಚಿಬಿಡಿ.

‘ವಾಟ್ಸಾಪ್ ಎನ್‌ಕ್ರಿಪ್ಟ್ ಆಗಿದೆಯಲ್ಲ, ಯಾರೂ ಓದಲಾರರು’ ಎಂಬ ಸಮಾಧಾನ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಎನ್‌ಕ್ರಿಪ್ಷನ್ ಕಾಪಾಡುವುದು ದಾರಿಯಲ್ಲಿ ಸಾಗುವ ಸಂದೇಶವನ್ನು. ನೀವು ಜೋಡಿಸಿದ ಪ್ರತಿ ಸಾಧನಕ್ಕೂ ಬೀಗ ತೆಗೆಯುವ ಅದರದೇ ಕೀಲಿ ಇರುತ್ತದೆ. ಆ ಅಂಗಡಿಯ ಕಂಪ್ಯೂಟರಿಗೆ ಕೀಲಿ ಕೊಟ್ಟವರು ನಾವೇ.

ವಂಚಕರು ಇದನ್ನೇ ಬಳಸಿಕೊಳ್ಳುತ್ತಿದ್ದಾರೆ. ಕ್ಯೂಆರ್ ಕೋಡ್ ಇಲ್ಲದೆಯೂ, ಫೋನ್ ನಂಬರ್ ಮತ್ತು 8 ಅಕ್ಷರಗಳ ಒಂದು ಕೋಡ್ ಬಳಸಿ ಸಾಧನ ಜೋಡಿಸುವ ಸೌಲಭ್ಯ ವಾಟ್ಸಾಪ್‌ನಲ್ಲಿದೆ. ಪರಿಚಿತರ ನಂಬರಿನಿಂದಲೇ ‘ಈ ಫೋಟೋದಲ್ಲಿರುವುದು ನೀವೇನಾ ನೋಡಿ’ ಎಂಬಂಥ ಸಂದೇಶ ಬರುತ್ತದೆ. ಲಿಂಕ್ ಒತ್ತಿದರೆ ಫೋಟೋ ನೋಡಲು ಫೋನ್ ನಂಬರ್ ಹಾಕಿ ಎನ್ನುತ್ತದೆ, ಆಮೇಲೆ ಒಂದು ಕೋಡ್ ತೋರಿಸಿ ಅದನ್ನು ವಾಟ್ಸಾಪ್‌ನಲ್ಲಿ ನಮೂದಿಸಿ ಎನ್ನುತ್ತದೆ. ನಮೂದಿಸಿದ ಕ್ಷಣ ವಂಚಕರ ಕಂಪ್ಯೂಟರ್ ನಿಮ್ಮ ಖಾತೆಗೆ ಜೋಡಣೆಯಾಗುತ್ತದೆ. ಪಾಸ್‌ವರ್ಡ್ ಕದ್ದಿಲ್ಲ, ಸಿಮ್ ಕದ್ದಿಲ್ಲ, ನಿಮ್ಮ ಫೋನಿನಲ್ಲಿ ವಾಟ್ಸಾಪ್ ಎಂದಿನಂತೆ ನಡೆಯುತ್ತಿರುತ್ತದೆ. ಹಾಗಾಗಿ ಅನುಮಾನವೇ ಬರುವುದಿಲ್ಲ. ಈ ಬಗೆಯ ವಂಚನೆಯ ಬಗ್ಗೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2025ರ ಡಿಸೆಂಬರ್‌ನಲ್ಲಿ ಎಚ್ಚರಿಕೆ ನೀಡಿತ್ತು. ಅದಕ್ಕೂ ಕೆಲವೇ ವಾರ ಮೊದಲು ದೂರಸಂಪರ್ಕ ಇಲಾಖೆಯು, ಮೆಸೇಜಿಂಗ್ ಆ್ಯಪ್‌ಗಳು ಸಿಮ್ ಜೊತೆ ಸದಾ ಬೆಸೆದಿರಬೇಕು, ವೆಬ್ ಲಾಗಿನ್‌ಗಳು 6 ಗಂಟೆಗೊಮ್ಮೆ ಕಳಚಿಕೊಳ್ಳಬೇಕು ಎಂದು ನಿರ್ದೇಶನ ಹೊರಡಿಸಿತ್ತು. ನಿಯಮ ಏನೇ ಇರಲಿ, ಕೋಡ್ ನಮೂದಿಸುವ ಬೆರಳು ನಮ್ಮದು.

ಪರೀಕ್ಷಿಸುವುದು ಸುಲಭ. ವಾಟ್ಸಾಪ್ ತೆರೆದು ಮೂರು ಚುಕ್ಕಿ ಒತ್ತಿ, ‘ಲಿಂಕ್ಡ್ ಡಿವೈಸಸ್’ ನೋಡಿ (ಐಫೋನಿನಲ್ಲಿ ಇದು ಸೆಟ್ಟಿಂಗ್ಸ್‌ನೊಳಗಿದೆ). ಅಲ್ಲಿರುವ ಪಟ್ಟಿಯಲ್ಲಿ ನಿಮಗೆ ಗೊತ್ತಿಲ್ಲದ ಹೆಸರಿದ್ದರೆ ಅದನ್ನು ಒತ್ತಿ ಲಾಗ್‌ಔಟ್ ಮಾಡಿ.

ಫೋನ್ ಕಳೆದರೆ ಲ್ಯಾಪ್‌ಟಾಪ್ ಸಹಾಯಕ್ಕೆ ಬರುತ್ತದೆಯೇ?

ಬರುತ್ತದೆ, ಆದರೆ ಮೊದಲೇ ಸಿದ್ಧತೆ ಮಾಡಿಕೊಂಡಿದ್ದರೆ ಮಾತ್ರ. ಮೂರು ಸಾಧನಗಳಲ್ಲಿ ಫೋನಿನ ಸ್ಥಾನವೇ ಬೇರೆ. ಬ್ಯಾಂಕಿನ ಓಟಿಪಿ, ಯುಪಿಐ, ಆಧಾರ್ ಓಟಿಪಿ, ಇಮೇಲ್‌ನ ಎರಡನೇ ಹಂತದ ಪರಿಶೀಲನೆ ಎಲ್ಲವೂ ಅದಕ್ಕೇ ಬರುತ್ತವೆ. ಮನೆಯ ಮೂರು ಬಾಗಿಲಿಗೂ ಬೀಗದ ಕೈ ಗೊಂಚಲು ಇರುವುದು ಫೋನಿನಲ್ಲಿ.

ಬಸ್ ನಿಲ್ದಾಣದಲ್ಲಿ ಫೋನ್ ಕಳೆದುಹೋಯಿತು ಎಂದುಕೊಳ್ಳಿ. ಮನೆಗೆ ಬಂದು ಲ್ಯಾಪ್‌ಟಾಪಿನಿಂದ ಗೂಗಲ್ ಖಾತೆಗೆ ಲಾಗಿನ್ ಆಗಲು ಹೋದರೆ ಅದು ಓಟಿಪಿ ಕೇಳುತ್ತದೆ. ಓಟಿಪಿ ಬರುವುದು ಕಳೆದುಹೋದ ಫೋನಿಗೆ. ಅದೇ ನಂಬರಿನ ಹೊಸ ಸಿಮ್ ತಂದರೂ ತಕ್ಷಣಕ್ಕೆ ಉಪಯೋಗವಿಲ್ಲ. ಸಿಮ್ ಬದಲಿಸಿ ವಂಚಿಸುವುದನ್ನು ತಡೆಯಲು, ಹೊಸ ಸಿಮ್ ಚಾಲೂ ಆದ ಮೊದಲ 24 ಗಂಟೆ ಎಸ್ಸೆಮ್ಮೆಸ್ ಸೌಲಭ್ಯ ನಿಲ್ಲಿಸಬೇಕೆಂದು ದೂರಸಂಪರ್ಕ ಇಲಾಖೆ 2022ರಲ್ಲೇ ಹೇಳಿದೆ. ಆ ಒಂದು ದಿನ ಎಸ್ಸೆಮ್ಮೆಸ್ ಓಟಿಪಿ ಇಲ್ಲ.

ಇದಕ್ಕೆ ಪರಿಹಾರ ಕಾಗದದಲ್ಲಿದೆ. ಎರಡು ಹಂತದ ಪರಿಶೀಲನೆ ಆನ್ ಮಾಡಿದ ಗೂಗಲ್ ಖಾತೆಗೆ 10 ‘ಬ್ಯಾಕಪ್ ಕೋಡ್’ಗಳು ಸಿಗುತ್ತವೆ. ಒಂದೊಂದೂ 8 ಅಂಕಿಯದು, ಒಂದೊಂದೂ ಒಮ್ಮೆ ಮಾತ್ರ ಬಳಸಬಹುದಾದ್ದು. ಅವನ್ನು ಬರೆದು ರೇಷನ್ ಕಾರ್ಡ್, ಪಾಸ್‌ಬುಕ್ ಇಡುವ ಜಾಗದಲ್ಲೇ ಇಡಿ. ಫೋನಿನಲ್ಲಿ ಫೋಟೋ ತೆಗೆದಿಟ್ಟರೆ, ಬೀಗದ ಕೈಯನ್ನು ಬೀಗ ಹಾಕಿದ ಪೆಟ್ಟಿಗೆಯೊಳಗೇ ಇಟ್ಟಂತಾಗುತ್ತದೆ. ಈಗಾಗಲೇ ಲಾಗಿನ್ ಆಗಿರುವ ಮನೆಯ ಟ್ಯಾಬ್ ಅಥವಾ ಲ್ಯಾಪ್‌ಟಾಪನ್ನು ನಂಬಿಕಸ್ಥ ಸಾಧನವಾಗಿ ಉಳಿಸಿಕೊಂಡಿದ್ದರೆ ಅದರಿಂದಲೂ ದೃಢೀಕರಣ ಸಾಧ್ಯ.

ಒಳಗೆ ಹೋಗಲು ಸಾಧ್ಯವಾದರೆ ಉಳಿದದ್ದು ಕ್ರಮವಾಗಿ ನಡೆಯುತ್ತದೆ. ಗೂಗಲ್‌ನ ‘ಫೈಂಡ್ ಹಬ್’ ಅಥವಾ ಆಪಲ್‌ನ ‘ಫೈಂಡ್ ಮೈ’ ಮೂಲಕ ಫೋನ್ ಎಲ್ಲಿದೆ ನೋಡಿ, ಲಾಕ್ ಮಾಡಿ. ಸಿಮ್ ಬಂದ್ ಮಾಡಿಸಿ, ಬ್ಯಾಂಕಿಗೆ ಕರೆ ಮಾಡಿ ಯುಪಿಐ ನಿಲ್ಲಿಸಿ. ಪೊಲೀಸ್ ದೂರು ಕೊಟ್ಟು, 2023ರಲ್ಲಿ ಆರಂಭವಾದ ‘ಸಂಚಾರ ಸಾಥಿ’ ಪೋರ್ಟಲಿನಲ್ಲಿ ಐಎಂಇಐ ಸಂಖ್ಯೆ ಕೊಟ್ಟು ಹ್ಯಾಂಡ್‌ಸೆಟ್ ಬಂದ್ ಮಾಡಿಸಬಹುದು. ಐಎಂಇಐ ಫೋನಿನ ಡಬ್ಬಿಯ ಮೇಲೂ ಬಿಲ್ಲಿನಲ್ಲೂ ಇರುತ್ತದೆ. ಈಗಲೇ *#06# ಒತ್ತಿದರೂ ಕಾಣುತ್ತದೆ, ಬರೆದಿಟ್ಟುಕೊಳ್ಳಿ. ಸಿಮ್ ಇಲ್ಲದ ವೈಫೈ ಟ್ಯಾಬ್‌ಗಳಿಗೆ ಐಎಂಇಐ ಇರುವುದಿಲ್ಲ, ಸಾಮಾನ್ಯವಾಗಿ ಲ್ಯಾಪ್‌ಟಾಪ್‌ಗೂ ಇರುವುದಿಲ್ಲ. ಅವುಗಳ ಸೀರಿಯಲ್ ನಂಬರ್ ಬರೆದಿಡಬೇಕು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಮಕ್ಕಳ ಕೈಯಲ್ಲಿರುವ ಟ್ಯಾಬ್

ಮಕ್ಕಳಿಗೆ ಟ್ಯಾಬ್ ಕೊಡುವಾಗ ಅನೇಕ ಪೋಷಕರು ತಮ್ಮದೇ ಖಾತೆ ಹಾಕಿ ಕೊಡುತ್ತಾರೆ. ಆಗ ಆ ಟ್ಯಾಬ್ ನಿಮ್ಮ ಮನೆಯ ಇನ್ನೊಂದು ಬಾಗಿಲಾಯಿತು. ನಿಮ್ಮ ಇಮೇಲ್, ಫೋಟೋ, ಕ್ರೋಮ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು ಅಲ್ಲೂ ಸಿಗುತ್ತವೆ. ಮಗು ನೋಡಿದ ವಿಡಿಯೋಗಳಿಂದ ನಿಮ್ಮ ಯೂಟ್ಯೂಬ್ ತುಂಬಿಹೋಗುತ್ತದೆ, ನೀವು ನೋಡಿದ್ದು ಮಗುವಿನ ಮುಂದೆ ಬರುತ್ತದೆ. ಗೂಗಲ್‌ನ ‘ಫ್ಯಾಮಿಲಿ ಲಿಂಕ್’ ಬಳಸಿ ಮಗುವಿಗೆ ಪ್ರತ್ಯೇಕ ಖಾತೆ ಮಾಡಿಕೊಡಬಹುದು. ಅನೇಕ ಆಂಡ್ರಾಯ್ಡ್ ಟ್ಯಾಬ್‌ಗಳಲ್ಲಿ ಬೇರೆ ಬಳಕೆದಾರರನ್ನು ಸೇರಿಸುವ ಸೌಲಭ್ಯವೂ ಇದೆ.

ಆಫೀಸಿನ ಲ್ಯಾಪ್‌ಟಾಪ್‌ಗೂ ಇದೇ ಮಾತು. ಅದರ ಬ್ರೌಸರ್‌ಗೆ ನಿಮ್ಮ ಸ್ವಂತ ಖಾತೆ ಹಾಕಿ ಸಿಂಕ್ ಆನ್ ಮಾಡಿದರೆ, ಮನೆಯ ಫೋನಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು ಆಫೀಸಿನ ಯಂತ್ರಕ್ಕೂ ಹೋಗುತ್ತವೆ. ಕೆಲಸ ಬಿಟ್ಟ ದಿನ ಲ್ಯಾಪ್‌ಟಾಪ್ ವಾಪಸ್ ಕೊಡುತ್ತೇವೆ, ಖಾತೆ ತೆಗೆಯುವುದು ನೆನಪಾಗುವುದಿಲ್ಲ. ಹಳೆಯ ಫೋನು ಮಾರುವಾಗಲೂ ಮೊದಲು ಖಾತೆ ತೆಗೆದು, ನಂತರ ಫ್ಯಾಕ್ಟರಿ ರೀಸೆಟ್ ಮಾಡಬೇಕು.

ದಾರಿಯಲ್ಲಿ ಕೆಡುವ ಕನ್ನಡ

ಖಾತೆ ಒಂದೇ ಆದ ಮಾತ್ರಕ್ಕೆ ಎಲ್ಲವೂ ಸರಾಗವಾಗಿ ಒಂದು ಸಾಧನದಿಂದ ಇನ್ನೊಂದಕ್ಕೆ ದಾಟುವುದಿಲ್ಲ. ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಶಾಲೆಯ ಸುತ್ತೋಲೆಯನ್ನೋ ಮದುವೆ ಕರೆಯೋಲೆಯನ್ನೋ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿ ಫೋನಿಗೆ ಕಳಿಸಿದರೆ, ಅಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಾಣುತ್ತವೆ. ‘ಫೋನಿಗೆ ವೈರಸ್ ಬಂದಿದೆ’ ಎಂದು ಕೆಲವರು ಹೆದರುತ್ತಾರೆ. ವೈರಸ್ ಏನೂ ಇಲ್ಲ.

ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳು ಕನ್ನಡವನ್ನು ಕನ್ನಡವಾಗಿ ಉಳಿಸುತ್ತಿರಲಿಲ್ಲ. ಫೈಲಿನೊಳಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತಗಳೇ ಇರುತ್ತಿದ್ದವು, ಫಾಂಟು ಅವುಗಳ ಮೇಲೆ ಕನ್ನಡದ ಆಕಾರ ತೊಡಿಸುತ್ತಿತ್ತು. ಫೋನಿನಲ್ಲಿ ಆ ಫಾಂಟು ಇಲ್ಲ, ವೇಷ ಕಳಚಿಬೀಳುತ್ತದೆ. ಯುನಿಕೋಡ್ ವ್ಯವಸ್ಥೆಯಲ್ಲಿ ಹಾಗಲ್ಲ. ಅಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಜಗತ್ತಿನಾದ್ಯಂತ ಒಂದೇ ಸಂಖ್ಯೆ. ‘ಕ’ ಎಂದರೆ ಎಲ್ಲ ಸಾಧನಗಳಲ್ಲೂ 3221. ಆದ್ದರಿಂದ ಯುನಿಕೋಡ್‌ನಲ್ಲಿ ಟೈಪ್ ಮಾಡಿದ್ದು ಫೋನು, ಟ್ಯಾಬು, ಲ್ಯಾಪ್‌ಟಾಪು ಮೂರರಲ್ಲೂ ಕನ್ನಡವಾಗಿಯೇ ಕಾಣುತ್ತದೆ, ಹುಡುಕಿದರೂ ಸಿಗುತ್ತದೆ. ಹಳೆಯ ಕಡತಗಳಿದ್ದರೆ ಪರಿವರ್ತಕ ತಂತ್ರಾಂಶಗಳಿಂದ ಬದಲಿಸಿಕೊಳ್ಳಬಹುದು. ಅವಸರಕ್ಕೆ ಪಿಡಿಎಫ್ ಮಾಡಿ ಕಳಿಸಿದರೂ ಆದೀತು, ಏಕೆಂದರೆ ಪಿಡಿಎಫ್ ಸಾಮಾನ್ಯವಾಗಿ ಫಾಂಟನ್ನೂ ತನ್ನೊಳಗೆ ಒಯ್ಯುತ್ತದೆ.

ಫೋಟೋಗಳಿಗೂ ಇಂಥದ್ದೇ ಪಾಡು. ಫೋನಿನಿಂದ ಲ್ಯಾಪ್‌ಟಾಪಿಗೆ ವಾಟ್ಸಾಪ್‌ನಲ್ಲಿ ಕಳಿಸಿದ ಚಿತ್ರದ ಗಾತ್ರ ಕುಗ್ಗಿರುತ್ತದೆ, ದೊಡ್ಡದಾಗಿ ಪ್ರಿಂಟ್ ಹಾಕಿಸಿದರೆ ಮಸುಕಾಗುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಮೂಲ ಗುಣಮಟ್ಟ ಉಳಿಯುತ್ತದೆ. ಹತ್ತಿರದಲ್ಲೇ ಇರುವ ಸಾಧನಗಳಿಗಾದರೆ ‘ಕ್ವಿಕ್ ಶೇರ್’ ಅಥವಾ ‘ಏರ್‌ಡ್ರಾಪ್’ ಒಳ್ಳೆಯದು. ಅವು ಪಕ್ಕದ ಸಾಧನಕ್ಕೆ ನೇರವಾಗಿ ಕಳಿಸಬಲ್ಲವು, ಆಗ ನಿಮ್ಮ ಡೇಟಾ ಖರ್ಚಾಗುವುದಿಲ್ಲ.

ಚಾರ್ಜರ್, ಹಾಟ್‌ಸ್ಪಾಟ್, ಜಾಹೀರಾತು: ಚುಟುಕಾಗಿ

ಲ್ಯಾಪ್‌ಟಾಪ್ ಚಾರ್ಜರಿನಿಂದ ಫೋನ್ ಸುಡುತ್ತದೆಯೇ? ಒಳ್ಳೆಯ ಗುಣಮಟ್ಟದ ಯುಎಸ್‌ಬಿ-ಸಿ ಚಾರ್ಜರ್ ಆಗಿದ್ದರೆ ಇಲ್ಲ. ಅದು ಮೊದಲು 5 ವೋಲ್ಟ್ ಮಾತ್ರ ಕೊಡುತ್ತದೆ. ನಂತರ ಫೋನು ಮತ್ತು ಚಾರ್ಜರ್ ತಮ್ಮಲ್ಲೇ ಸಂಕೇತ ವಿನಿಮಯ ಮಾಡಿಕೊಂಡು ಎಷ್ಟು ಬೇಕೆಂದು ನಿರ್ಧರಿಸುತ್ತವೆ. 65 ವ್ಯಾಟ್ ಎಂದು ಬರೆದಿರುವುದು ಅದು ಕೊಡಬಲ್ಲ ಗರಿಷ್ಠ, ಫೋನು ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ತಿರುಗಾಮುರುಗಾ ಮಾಡಿ, ಫೋನಿನ ಸಣ್ಣ ಚಾರ್ಜರನ್ನು ಲ್ಯಾಪ್‌ಟಾಪಿಗೆ ಹಾಕಿದರೆ ನಿಧಾನವಾಗಿ ಚಾರ್ಜ್ ಆಗಬಹುದು ಅಥವಾ ಆಗದೆಯೇ ಇರಬಹುದು. ಭಯಪಡಬೇಕಾದ್ದು ಬಿಐಎಸ್ ನೋಂದಣಿ ಗುರುತಿಲ್ಲದ ಅಗ್ಗದ ಚಾರ್ಜರ್‌ಗಳಿಗೆ, ಕಿತ್ತುಹೋದ ಕೇಬಲ್‌ಗಳಿಗೆ.

ಹಾಟ್‌ಸ್ಪಾಟ್ ಹಾಕಿದ ಕೂಡಲೇ ಡೇಟಾ ಖಾಲಿಯಾಗುವುದೇಕೆ? ಲ್ಯಾಪ್‌ಟಾಪ್ ನಿಮ್ಮ ಫೋನನ್ನು ಮನೆಯ ವೈಫೈ ಎಂದೇ ತಿಳಿದು ಹಿನ್ನೆಲೆಯಲ್ಲಿ ದೊಡ್ಡ ಅಪ್‌ಡೇಟ್‌ಗಳನ್ನು ಇಳಿಸಿಕೊಳ್ಳಬಹುದು, ಒನ್‌ಡ್ರೈವ್ ಫೈಲ್‌ಗಳನ್ನು ಕಳಿಸಬಹುದು. ವಿಂಡೋಸ್‌ನ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಆ ಸಂಪರ್ಕವನ್ನು ‘ಮೀಟರ್ಡ್ ಕನೆಕ್ಷನ್’ ಎಂದು ಗುರುತಿಸಿದರೆ ಇದು ಬಹಳಷ್ಟು ತಗ್ಗುತ್ತದೆ.

ಫೋನಿನಲ್ಲಿ ಕುಕ್ಕರ್ ಹುಡುಕಿದರೆ ಲ್ಯಾಪ್‌ಟಾಪಿನಲ್ಲಿ ಕುಕ್ಕರ್ ಜಾಹೀರಾತು ಬರುವುದೇಕೆ? ಇದಕ್ಕೆ ಯಾರೂ ಮೈಕಿನಲ್ಲಿ ಕದ್ದು ಕೇಳಬೇಕಾಗಿಲ್ಲ. ಎರಡರಲ್ಲೂ ಒಂದೇ ಖಾತೆ ಇದೆ, ಹುಡುಕಿದ್ದು ಆ ಖಾತೆಯ ಇತಿಹಾಸಕ್ಕೆ ಸೇರಿದೆ. ಗೂಗಲ್ ಖಾತೆಯ ‘ಮೈ ಆ್ಯಡ್ ಸೆಂಟರ್’ನಲ್ಲಿ ವೈಯಕ್ತಿಕ ಜಾಹೀರಾತುಗಳನ್ನು ನಿಲ್ಲಿಸಬಹುದು.

ಈ ಭಾನುವಾರ ಅರ್ಧ ಗಂಟೆ

ಮೂರು ಸಾಧನ ಇಟ್ಟುಕೊಳ್ಳುವುದು ತಪ್ಪಲ್ಲ. ಒಂದರಲ್ಲಿ ಓದಿ, ಇನ್ನೊಂದರಲ್ಲಿ ಬರೆದು, ಮತ್ತೊಂದರಲ್ಲಿ ಹಣ ಕಟ್ಟುವ ಅನುಕೂಲ ದೊಡ್ಡದೇ. ಆದರೆ ಎಷ್ಟು ಬಾಗಿಲು ತೆರೆದಿವೆ ಎಂಬ ಲೆಕ್ಕ ನಮ್ಮಲ್ಲಿರಬೇಕು. ಇಷ್ಟನ್ನು ಮಾಡಿ:

1. ವಾಟ್ಸಾಪ್‌ನ ‘ಲಿಂಕ್ಡ್ ಡಿವೈಸಸ್’ ತೆರೆದು ಗೊತ್ತಿಲ್ಲದ್ದನ್ನು ಕಳಚಿ.

2. ಗೂಗಲ್ ಅಥವಾ ಆಪಲ್ ಖಾತೆಯಲ್ಲಿ ‘ಯುವರ್ ಡಿವೈಸಸ್’ ಪಟ್ಟಿ ನೋಡಿ. ಮಾರಿದ ಫೋನು, ಬಿಟ್ಟ ಆಫೀಸಿನ ಲ್ಯಾಪ್‌ಟಾಪ್ ಅಲ್ಲಿದ್ದರೆ ತೆಗೆಯಿರಿ.

3. ಎರಡು ಹಂತದ ಪರಿಶೀಲನೆ ಆನ್ ಮಾಡಿ, ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದಿಡಿ. ಅದೇ ಕಾಗದದಲ್ಲಿ ಐಎಂಇಐ, ಸೀರಿಯಲ್ ನಂಬರ್‌ಗಳೂ ಇರಲಿ.

4. ಖಾತೆಯಲ್ಲಿ ಎಷ್ಟು ಜಾಗ ಉಳಿದಿದೆ, ಫೋಟೋ ಬ್ಯಾಕಪ್ ನಡೆಯುತ್ತಿದೆಯೇ ನೋಡಿ.

5. ಕಳೆದುಕೊಳ್ಳಲಾರದ ಫೋಟೋ, ದಾಖಲೆಗಳ ಒಂದು ಪ್ರತಿ ಹಾರ್ಡ್‌ಡಿಸ್ಕಿಗೆ ಹಾಕಿ, ಬಿಚ್ಚಿಡಿ.

ನಿಮ್ಮದು ಮುಗಿದ ಮೇಲೆ ಅಪ್ಪ, ಅಮ್ಮ, ಅಜ್ಜಿಯ ಫೋನನ್ನೂ ಅವರ ಜೊತೆ ಕೂತು ಒಮ್ಮೆ ನೋಡಿಕೊಡಿ. ‘ಈ ಕೋಡ್ ಒತ್ತು’ ಎಂದು ಯಾರೇ ಹೇಳಿದರೂ ಮೊದಲು ನಮಗೆ ಫೋನ್ ಮಾಡು ಎಂದು ಹೇಳಿಬನ್ನಿ. ಈ ಲೇಖನವನ್ನು ಫಾರ್ವರ್ಡ್ ಮಾಡುವ ಮುನ್ನ ಮೊದಲನೇ ಕೆಲಸವನ್ನಾದರೂ ಮಾಡಿ ಮುಗಿಸಿ. ಅದಕ್ಕೆ ಒಂದು ನಿಮಿಷ ಸಾಕು.